ಆಮೆ ಎಡವಿದ ಜಾಗ

ಬಾಗಿಲಿಗೆ ಚಿಲಕ ಹಾಕಿದ್ದೀರಿ ತಾನೇ? ಸರಿ, ಹತ್ತಿರ ಬನ್ನಿ. ಜೋರಾಗಿ ಹೇಳೋ ಮಾತಲ್ಲ ಇದು. ಯಾರೋ ಎಲ್ಲೋ ಕಂಡಿದ್ದಲ್ಲ, ನನ್ನ ದೊಡ್ಡಮ್ಮನ ಮಗನಿಗೇ ಆಗಿದ್ದು. ಕನ್ನಡಕದ ಗಾಜು ಉಜ್ಜಿ ಕೂರಿಸೋದು ಅವನ ಕಸುಬು. ಎಲ್ಲರೂ ಗಾಜಣ್ಣ ಅಂತಲೇ ಕರೀತಾರೆ. ಸ್ವಂತ ಹೆಸರು ಹಿಡಿದು ಕೂಗಿದರೆ ತಿರುಗಿಯೂ ನೋಡಲ್ಲ.

ಆವತ್ತು ಅಂಗಡಿ ಮುಚ್ಚೋ ಹೊತ್ತಿಗೆ ಹತ್ತೂವರೆ. ಬಸ್ಸಿಳಿದು ನಡೆದುಕೊಂಡು ಬರ್ತಿದ್ದ. ಅವನ ಮನೆ ಹಿತ್ತಲಿಗೆ ಬೇಲಿ ಇಲ್ಲ. ತುದಿಯಲ್ಲಿ ಒಂದು ಹಳೇ ಬಾವಿ, ಅದರ ಮಗ್ಗುಲಲ್ಲೇ ಕಾಲುದಾರಿ. ಆ ಬಾವಿಯಿಂದ ನೀರು ಸೇದಿ ಎಷ್ಟೋ ವರ್ಷ ಆಯ್ತು, ಮೇಲೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದಿದ್ದಾರೆ. ಬೀದಿದೀಪದ ಬೆಳಕು ಅಲ್ಲಿಗೆ ಬರಲ್ಲ. ಬಾವಿ ಹತ್ತಿರ ಬಂದ... ಅಷ್ಟೇ. ಶಬ್ದ ಕೇಳಿಸ್ತು.

ಝುಂಯ್... ಝುಂಯ್...

ಅದೇನೂ ಅವನಿಗೆ ಹೊಸದಲ್ಲ. ಮನೆಯ ಹುಲ್ಲು ಕತ್ತರಿಸೋ ಯಂತ್ರ. ತಾನೇ ಓಡಾಡುತ್ತೆ, ಸುಸ್ತಾದರೆ ತಾನೇ ಹೋಗಿ ಚಾರ್ಜಿಗೆ ಕೂರುತ್ತೆ, ಆ ಜಾತಿಯದು. ಹಗಲು ಮಳೆ ಬಂದರೆ ಸುಮ್ಮನಿದ್ದು, ಮಳೆ ನಿಂತ ಮೇಲೆ ರಾತ್ರಿಯಾದರೂ ಸರಿ, ಬಾಕಿ ಕೆಲಸ ಮುಗಿಸುತ್ತೆ. ಆವತ್ತು ಹಗಲೆಲ್ಲ ಮಳೆ. ಸರಿ ಅಂದುಕೊಂಡು ಎರಡು ಹೆಜ್ಜೆ ಇಟ್ಟ.

ಟಕ್.

ನಿಂತ. ಯಂತ್ರಕ್ಕೆ ಏನಾದರೂ ಅಡ್ಡ ಸಿಕ್ಕಿದರೆ ಅದರ ಚಿಪ್ಪು ಹಾಗೆ ಟಕ್ ಅನ್ನುತ್ತೆ. ಆಮೇಲೆ ಒಂದು ಗೇಣು ಹಿಂದಕ್ಕೆ ಸರಿದು, ಗರ್‌ರ್ ಅಂತ ಮೈ ತಿರುಗಿಸಿ ಬೇರೆ ಕಡೆ ಹೋಗುತ್ತೆ. ಹಾಗೇ ಮಾಡ್ತು. ಆದರೆ ಅಲ್ಲಿ ಅಡ್ಡ ಸಿಗೋದಕ್ಕೆ ಏನಿದೆ? ಗಿಡ ಇಲ್ಲ, ಕಲ್ಲಿಲ್ಲ, ಬಾವಿಕಟ್ಟೆಯೂ ನಾಲ್ಕು ಹೆಜ್ಜೆ ಆಚೆ, ಬರೀ ಹುಲ್ಲು. ಟಾರ್ಚು ಹಾಕಿದ. ಏನೂ ಇಲ್ಲ... ಒಂದು ನಾಯಿಯೂ ಇಲ್ಲ. ಯಂತ್ರ ಒಂದು ಸುತ್ತು ಹೊಡೆದು ಮತ್ತೆ ಅಲ್ಲಿಗೇ ಬಂತು.

ಟಕ್.

ಗಾಜಣ್ಣನಿಗೆ ಭಯ ಆಗಲಿಲ್ಲ. ಅವನಿಗೆ ಸಂತೋಷ ಆಯ್ತು. ಕತ್ತಲೆಗೆ ಮುಖ ಮಾಡಿ ಮೆಲ್ಲಗೆ ಕರೆದ, "ಅಕ್ಕಾ?"

ಅಕ್ಕ ಸತ್ತು ಅವತ್ತಿಗೆ ಇಪ್ಪತ್ತೊಂದು ದಿನ ಆಗಿತ್ತು.

ಹಿಂದಿನದು ಹೇಳದಿದ್ದರೆ ನಿಮಗೆ ತಲೆಬುಡ ತಿಳಿಯಲ್ಲ. ಗಾಜಣ್ಣನಿಗೆ ಅಪ್ಪ ಅಮ್ಮ ಎಲ್ಲಾ ಆ ಅಕ್ಕನೇ. ಹೊಲಿಗೆ ಮೆಷಿನ್ನು ತುಳಿದು ತಮ್ಮನನ್ನ ಸಾಕಿದವಳು. ಮದುವೆ ಗಿದುವೆ ಅಂತ ಇಬ್ಬರೂ ತಲೆ ಕೆಡಿಸಿಕೊಂಡವರಲ್ಲ. ಅರವತ್ತು ದಾಟುತ್ತಲೇ ಅವಳಿಗೆ ಮರೆವಿನ ಕಾಯಿಲೆ ಹಿಡೀತು. ಮೊದಲು ಸೂಜಿ ಇಟ್ಟ ಜಾಗ ಮರೆತಳು, ಆಮೇಲೆ ಸೂಜಿ ಯಾತಕ್ಕೆ ಅನ್ನೋದನ್ನೇ ಮರೆತಳು. ಬಾಗಿಲು ತೆರೆದಿದ್ದರೆ ಸಾಕು, ಕಾಲು ಹೋದ ಕಡೆ ನಡೆದುಬಿಡೋಳು. ಎರಡು ಸಲ ಪೊಲೀಸರು ಕರೆತಂದು ಬಿಟ್ಟು ಹೋದರು. ಕೂಡಿಹಾಕಿದರೆ ಬಾಗಿಲು ಬಡಿದು ಬಡಿದು ಕೈ ಊದಿಸಿಕೊಳ್ಳೋಳು. ಇವನೋ ಬೆಳಗ್ಗೆ ಎದ್ದು ಅಂಗಡಿಗೆ ಹೋಗಲೇಬೇಕು.

ಆ ವರ್ಷ ಚಳಿ ಕಳೆದು ಹುಲ್ಲು ಚಿಗುರೋ ಹೊತ್ತಿಗೆ ಈ ಯಂತ್ರ ತಂದ. ಹಿತ್ತಲ ಸುತ್ತ ನೆಲದೊಳಗೆ ನಾಲ್ಕು ಬೆರಳು ಆಳಕ್ಕೆ ಒಂದು ತೆಳು ತಂತಿ ಹೂತ. ಅದೇ ಗಡಿ. ಯಂತ್ರ ತಂತಿಯ ತನಕ ಹೋಗುತ್ತೆ, ತಿರುಗುತ್ತೆ, ದಾಟಲ್ಲ. ಅಕ್ಕ ಅದನ್ನ ನೋಡಿದವಳೇ "ಆಮೆ!" ಅಂದಳು. ಅದರ ಹಿಂದೆಯೇ ಹೊರಟಳು. ಅದು ತಿರುಗಿದರೆ ತಿರುಗೋದು, ನಿಂತರೆ ನಿಲ್ಲೋದು. "ಅಲ್ಲೊಂದು ಎಳೆ ಬಿಟ್ಟೆ ನೋಡೋ ಸೋಮಾರಿ" ಅಂತ ಬಯ್ಯೋದು. ಅದು ಚಾರ್ಜಿಗೆ ಕೂತರೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ತಾನೂ ಕೂತು, "ಉಸ್ಸಪ್ಪಾ, ಇಬ್ಬರಿಗೂ ಸಾಕಾಯ್ತು" ಅನ್ನೋದು.

ಒಂದು ವಾರ ಗಾಜಣ್ಣ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಅಕ್ಕ ಒಂದು ದಿನವೂ ತಂತಿ ದಾಟಲಿಲ್ಲ. ಆಮೆ ತಿರುಗಿದಲ್ಲೇ ಅವಳೂ ತಿರುಗಿದಳು. ಅದನ್ನೇ ನಂಬಿಕೊಂಡು ಅಂಗಡಿಗೆ ಹೋಗೋಕೆ ಶುರು ಮಾಡಿದ. ಪಕ್ಕದ ಮನೆ ನರ್ಸಮ್ಮ ಮಧ್ಯಾಹ್ನ ಬಂದು ಅಕ್ಕನಿಗೆ ಊಟ ಹಾಕಿ ಹೋಗೋರು.

"ಯಂತ್ರದ ಕೈಲಿ ಮನುಷ್ಯರನ್ನ ಕಾಯಿಸ್ತಾರೇನ್ರೀ ಗಾಜಣ್ಣ?" ಅಂದರು ಒಂದು ದಿನ.

"ನನಗಿಂತ ಅದರ ಮಾತೇ ಚೆನ್ನಾಗಿ ಕೇಳ್ತಾಳೆ ನರ್ಸಮ್ಮ."

ಹಾಗಾಗಿ ಅವನು ಆ ಯಂತ್ರವನ್ನ ನೋಡಿಕೊಂಡಿದ್ದು ಹೇಗೆ ಅಂತೀರಿ! ತಿಂಗಳಿಗೊಮ್ಮೆ ಬ್ಲೇಡು ಬದಲಾಯಿಸೋನು. ಭಾನುವಾರ ಬೋರಲು ಹಾಕಿ, ಹೊಟ್ಟೆಗೆ ಅಂಟಿದ ಹುಲ್ಲು ಕೆರೆದು, ಗಾಲಿಯ ಸಂದಿಗಳನ್ನ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜೋನು. ಬೇಸಿಗೆಯಲ್ಲಿ ಚಾರ್ಜಿನ ಡಬ್ಬಿಯೊಳಗೆ ಇರುವೆ ಗೂಡು ಕಟ್ಟಿದವು, ಕೂತು ಊದಿ ಊದಿ ಓಡಿಸಿದ. ಎಲೆ ಉದುರೋ ಕಾಲಕ್ಕೆ, ಗಾಲಿಗೆ ಸಿಕ್ಕೀತು ಅಂತ ಬೆಳಗ್ಗೆ ಐದಕ್ಕೇ ಎದ್ದು ಹಿತ್ತಲು ಗುಡಿಸಿದ. ಚಳಿಗಾಲ ಹುಲ್ಲು ಬೆಳೆಯಲ್ಲ, ಅದನ್ನ ಒಳಗಿಡಬೇಕಲ್ಲ, ಆ ಮೂರು ತಿಂಗಳು ಅಂಗಡಿ ಕೆಲಸ ಮನೆಗೇ ತಂದು ಅಕ್ಕನ ಮಗ್ಗುಲಲ್ಲಿ ಕೂತು ಮಾಡಿದ.

ಎರಡನೇ ವರ್ಷ, ಮಳೆಗಾಲದ ಕೊನೆ. ಕಳೆ ತೆಗೆಯೋವಾಗ ಸಲಿಕೆ ತಾಗಿ ತಂತಿ ತುಂಡಾಯ್ತು. ಅದನ್ನ ಸೇರಿಸೋಕೆ, ನೀರು ಹೋಗದ ಹಾಗೆ ಒಳಗೆ ಜಿಡ್ಡು ತುಂಬಿದ ಪುಟ್ಟ ಕ್ಲಿಪ್ಪು ಸಿಗುತ್ತೆ. ಹೋಗಿ ತರೋಕೆ ಇವನಿಗೆ ಪುರುಸೊತ್ತಿಲ್ಲ. ಎರಡು ತುದಿ ತಿರುಚಿ, ಟೇಪು ಸುತ್ತಿ, ಮಣ್ಣು ಮುಚ್ಚಿದ. ಭಾನುವಾರ ಸರಿ ಮಾಡಿದರಾಯ್ತು ಅಂದುಕೊಂಡ. ಎರಡು ಭಾನುವಾರ ಬಂದು ಹೋದವು.

ಆ ಸಂಜೆ ಆರಕ್ಕೆ ಅವನ ಫೋನು ಟಿಣ್ ಅಂತು. ಗಡಿ ತಂತಿಯ ಸಂಪರ್ಕ ಇಲ್ಲ ಅಂತ ಯಂತ್ರದಿಂದ ಸಂದೇಶ ಬಂದಿತ್ತು. ಟೇಪಿನೊಳಗೆ ನೀರು ಇಳಿದಿತ್ತು. ತಂತಿ ಕೆಟ್ಟರೆ ಯಂತ್ರ ಇದ್ದಲ್ಲೇ ನಿಂತುಬಿಡುತ್ತೆ. ಗಾಜಣ್ಣ ಓದಿದ. ಎದುರಿಗೆ ಗಿರಾಕಿ, ಇವತ್ತೇ ಕನ್ನಡಕ ಬೇಕು ಅಂತ ಪಟ್ಟು ಹಿಡಿದು ಕೂತಿದ್ದ. ಫೋನು ಮಗುಚಿಟ್ಟು ಗಾಜು ಉಜ್ಜೋಕೆ ಕೂತ. ನರ್ಸಮ್ಮನಿಗೆ ಅವತ್ತು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ.

ಹನ್ನೊಂದಕ್ಕೆ ಬಂದು ನೋಡ್ತಾನೆ... ಆಮೆ ಹಿತ್ತಲ ನಡುವೆ ಕೆಂಪು ದೀಪ ಮಿಣುಕಿಸ್ತಾ ನಿಂತಿದೆ. ಹಿಂದೆ ಅಕ್ಕ ಇಲ್ಲ. ಅಕ್ಕ ತಂತಿಯಾಚೆ, ಬಾವಿಯ ಮಗ್ಗುಲಲ್ಲಿ, ಒದ್ದೆ ಹುಲ್ಲಿನ ಮೇಲೆ ಬಿದ್ದಿದ್ದಳು. ಜಾರಿ ಸೊಂಟ ಮುರಿದಿತ್ತು. ಪ್ರಾಣ ಹೋಗಿ ಒಂದು ಗಂಟೆಯೂ ಆಗಿಲ್ಲ ಅಂದರು ಡಾಕ್ಟರು. ಅಂದರೆ... ಆ ಥಂಡಿಯಲ್ಲಿ ಮೂರು ನಾಲ್ಕು ಗಂಟೆ ಜೀವ ಹಿಡಿದುಕೊಂಡಿದ್ದಳು. ತಮ್ಮನನ್ನ ಕೂಗಿರಬೇಕು. ಇವನು ಅದನ್ನ ಲೆಕ್ಕ ಹಾಕಿದವನು ಮತ್ತೆ ಮನುಷ್ಯನಾಗಲಿಲ್ಲ.

ಎಲ್ಲ ಮುಗಿಸಿಕೊಂಡು ಬಂದ ಮಾರನೇ ದಿನವೇ ಸಲಿಕೆ ಹಿಡಿದ. ಹೊಸ ತಂತಿ, ಹೊಸ ಕ್ಲಿಪ್ಪು, ಎಲ್ಲಾ ಅಚ್ಚುಕಟ್ಟು. ಗಡಿಯನ್ನ ಹಿಂದಿನ ಜಾಗದಲ್ಲಿ ಹಾಕಲಿಲ್ಲ. ಬಾವಿಯನ್ನೂ, ಅಕ್ಕ ಬಿದ್ದಿದ್ದ ಜಾಗವನ್ನೂ ಬಳಸಿಕೊಂಡು ದೊಡ್ಡದಾಗಿ ಹಾಕಿದ.

"ಈಗ ಯಾಕ್ರೀ ಇದೆಲ್ಲ?" ಅಂದರು ನರ್ಸಮ್ಮ.

"ಅಕ್ಕ ಹೊರಗುಳಿದಿದ್ದಾಳೆ ನರ್ಸಮ್ಮ. ಒಳಗೆ ಸೇರಿಸ್ಕೋಬೇಕು."

ಇಂಥ ಹುಚ್ಚು ಇನ್ಯಾರ ತಲೆಗೆ ಹೊಳೆಯುತ್ತೆ ಹೇಳಿ? ಇಪ್ಪತ್ತೊಂದನೇ ದಿನ ಟಕ್ ಅಂದಿದ್ದು ಅದೇ ಜಾಗದಲ್ಲಿ.

ಅಲ್ಲಿಂದ ಅವನಿಗೆ ಒಂದೇ ಧ್ಯಾನ. ಹಗಲು ಯಂತ್ರವನ್ನ ಮಲಗಿಸೋನು, ಕತ್ತಲಾದ ಮೇಲೆ ಬಿಡೋನು. ತಾನು ಬಾವಿಕಟ್ಟೆ ಮೇಲೆ ಕೂರೋನು. ಒಂದು ರಾತ್ರಿ ನರ್ಸಮ್ಮ ಡ್ಯೂಟಿ ಮುಗಿಸಿ ಬರ್ತಾ ಇವನನ್ನ ಕಂಡು ನಿಂತರು.

ಝುಂಯ್... ಝುಂಯ್... ಟಕ್.

"ಕೇಳಿಸ್ತಾ?" ಅಂದ ಪಿಸುಮಾತಲ್ಲಿ.

"ಹ್ಞೂಂ."

"ಎದ್ದು ನಿಂತಿದ್ದಾಳೆ. ಆಮೆ ಬಂದು ಕಾಲಿಗೆ ತಾಗ್ತಿದೆ. ಇವತ್ತಲ್ಲ ನಾಳೆ ಅದರ ಹಿಂದೆ ಮನೆಗೆ ಬರ್ತಾಳೆ."

"ಒಳಗೆ ನಡೀರಿ ಗಾಜಣ್ಣ... ದಮ್ಮಯ್ಯ."

ಅವನು ಏಳಲಿಲ್ಲ. ನರ್ಸಮ್ಮ ಮನೆಗೆ ಹೋಗಿ ಬೆಳಗಿನ ತನಕ ದೀಪ ಆರಿಸಲಿಲ್ಲವಂತೆ.

ಚಳಿಗಾಲ ಬಂತು. ಹುಲ್ಲು ಬೆಳೆಯೋದು ನಿಂತಿತು. ಕತ್ತರಿಸೋಕೆ ಏನೂ ಇಲ್ಲ, ಯಂತ್ರವನ್ನ ಒರೆಸಿ ಒಳಗಿಡೋ ಕಾಲ. ಇವನು ಇಡಲಿಲ್ಲ. ಭಾನುವಾರ ಬೋರಲು ಹಾಕಿ ಉಜ್ಜೋದನ್ನೂ ಬಿಟ್ಟ, ಅಷ್ಟು ಹೊತ್ತು ಅಕ್ಕ ಒಂಟಿಯಾಗ್ತಾಳಂತೆ. ಇಬ್ಬನಿ ಹೆಪ್ಪುಗಟ್ಟಿದ ನೆಲದ ಮೇಲೆ ಗಾಲಿ ಚರ್... ಚರ್... ಅಂತ ಇದ್ದಲ್ಲೇ ಸುತ್ತೋದು. ಬ್ಯಾಟರಿ ಸೋಲ್ತಾ ಬಂತು. ಒಂದು ಗಂಟೆ ಓಡ್ತಿದ್ದದ್ದು ಅರ್ಧ ಗಂಟೆ, ಆಮೇಲೆ ಹತ್ತು ನಿಮಿಷ. ಬಾವಿಯ ತನಕ ಹೋಗೋಕೇ ಅದಕ್ಕೆ ಆಗ್ತಿರಲಿಲ್ಲ. ಇವನೇ ಕಂಕುಳಲ್ಲಿ ಎತ್ತಿಕೊಂಡು ಹೋಗಿ ಬಾವಿಯ ಹತ್ತಿರ ಇಳಿಸಿ ಗುಂಡಿ ಒತ್ತೋನು.

ಟಕ್.

ಅದೊಂದು ಕೇಳಿದರೆ ಆ ರಾತ್ರಿ ಕಣ್ಣು ಮುಚ್ಚೋನು. ಆಮೇಲೆ ಒಂದು ರಾತ್ರಿ ಗುಂಡಿ ಒತ್ತಿದರೂ ಅದು ಅಲ್ಲಾಡಲಿಲ್ಲ.

ಆ ವಾರ ನಾನು ಹೋಗಿದ್ದೆ. ಬಾಗಿಲು ತೆಗೆದವನು ಅವನೇ ಅಂತ ನಂಬೋಕೆ ಹೊತ್ತು ಹಿಡೀತು. ಕೆನ್ನೆ ಒಳಗೆ ಹೋಗಿತ್ತು, ಅಂಗಡಿಗೆ ಹೋಗಿ ತಿಂಗಳಾಗಿತ್ತು. ಎರಡು ಮಾತು ಬಯ್ದೆ. "ಒಂದು ಸಲ ಬಿಟ್ಟಿದ್ದೀನಿ ಕಣೋ, ಇನ್ನೊಂದು ಸಲ ಬಿಡಲಾರೆ" ಅಂದ. ಚಳಿ ಕಳೆಯಲಿ, ರಿಪೇರಿ ಮಾಡಿಸೋಣ ಅಂತ ಹೇಳಿ ಊಟ ಮಾಡಿಸಿ ಬಂದೆ. ಹಾಗೆ ಹೇಳಬಾರದಿತ್ತು ಅಂತ ಈಗ ಅನ್ನಿಸುತ್ತೆ.

ಹುಲ್ಲು ಚಿಗುರಿದ ಮೇಲೆ ಯಂತ್ರವನ್ನ ರಿಪೇರಿ ಅಂಗಡಿಗೆ ಕೊಟ್ಟ. ಬ್ಯಾಟರಿ ತರಿಸಬೇಕು, ಒಂಬತ್ತು ದಿನ ಆಗುತ್ತೆ ಅಂದರು. ಒಂಬತ್ತನೇ ದಿನ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದ. ಮದುವೆಗೆ ಹೊರಟವನ ಹಾಗೆ ಕ್ಷೌರ ಮಾಡಿಸಿಕೊಂಡಿದ್ದ. ಮೆಕ್ಯಾನಿಕ್ ಯಂತ್ರವನ್ನ ಅಟ್ಟದಿಂದ ಇಳಿಸಿ, ಬೋರಲು ಹಾಕಿ, ಬ್ಲೇಡಿನ ತಟ್ಟೆ ಬಿಚ್ಚಿದ. ಹಾಗೇ ನಿಂತ.

"ಸಾರ್, ಮನೇಲಿ ಹೆಂಗಸರು ಇದಾರಾ?"

"ಇಲ್ಲ. ಯಾಕೆ?"

ಚಿಮಟದಲ್ಲಿ ಎಳೆದ. ತಟ್ಟೆಯ ಅಚ್ಚಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು... ನರೆತ ಕೂದಲು. ಎಳೆದಷ್ಟೂ ಬಂತು. ಮೊಳದುದ್ದದ ಎಳೆಗಳು.

"ನಿಂತವರ ಕೂದಲು ಇಲ್ಲಿಗೆ ಸಿಗಲ್ಲ ಸಾರ್, ಇದು ಹೊಟ್ಟೆ ಕೆಳಗೆ ಇರೋದು," ಅಂದ ಮೆಕ್ಯಾನಿಕ್. "ಯಾರೋ ಹುಲ್ಲಿನ ಮೇಲೆ ಮಲಗಿರಬೇಕು. ಹುಷಾರು ಹೇಳಿ ಅವರಿಗೆ."

ಗಾಜಣ್ಣ ಕೌಂಟರು ಹಿಡಿದುಕೊಂಡ. ನನ್ನ ಕಡೆ ತಿರುಗಿದ.

"ಎದ್ದೇ ಇಲ್ಲ ಕಣೋ ಅವಳು," ಅಂದ. "ಬಿದ್ದಲ್ಲೇ ಇದ್ದಾಳೆ. ನಾನು ದಿನಾ ರಾತ್ರಿ... ಅವಳ ಮೇಲೆ..."

ಆವತ್ತಿನಿಂದ ಅವನು ಹೆಚ್ಚು ಮಾತಾಡಲ್ಲ.

ಅಕ್ಕ ಬದುಕಿದ್ದಾಗಿನ ಕೂದಲು ಇರಬಹುದು ಅಂತೀರಾ? ನರ್ಸಮ್ಮನೂ ಅದನ್ನೇ ಹೇಳಿ ಸಮಾಧಾನ ಮಾಡಿದರು. ಇರಲಿ, ನಾನೂ ವಾದ ಮಾಡಲ್ಲ. ಆದರೆ ಯಂತ್ರ ಒಂಬತ್ತು ದಿನ ಆ ಅಟ್ಟದ ಮೇಲೆ, ತಗಡಿನ ಸೂರಿನ ಕೆಳಗೆ, ಒಣಗಿಕೊಂಡು ಕೂತಿತ್ತು. ಅಂಟಿದ್ದ ಹುಲ್ಲು ಮುಟ್ಟಿದರೆ ಪುಡಿಯಾಗ್ತಿತ್ತು. ಕೂದಲು ಒದ್ದೆಯಾಗಿತ್ತು. ಮೆಕ್ಯಾನಿಕ್ ಬೆರಳನ್ನ ಪ್ಯಾಂಟಿಗೆ ಒರೆಸಿಕೊಂಡಿದ್ದನ್ನ ನಾನು ಪಕ್ಕದಲ್ಲೇ ನಿಂತು ನೋಡಿದ್ದೀನಿ. ಎರಡು ಸಲ ಒರೆಸಿಕೊಂಡ.