ಬಸ್ಸಿನಡಿ ಕಾಲು ನೋಡು

...ಬೇಡ ಬೇಡ, ನೀನು ಬಾಯಿ ತೆಗೀಬೇಡ! ನಿನ್ನ ತಲೆ ಮೇಲೇ ಬೋರ್ಡು ಇದೆ, ಚಾಲಕರ ಜೊತೆ ಮಾತಾಡಬಾರದು ಅಂತ. ನಾನು ಮಾತಾಡ್ತೀನಿ, ನೀನು ರಸ್ತೆ ನೋಡು. ಹದಿನೆಂಟು ವರ್ಷ ಬಾಯಿ ಬಡ್ಕೊಂಡು ಕಲಿಸಿದ್ದೂ ಅದನ್ನೇ ಅಲ್ವೇನೋ, ರಿವರ್ಸ್ ರಾಜ?

ಅಯ್ಯೋ, ಕನ್ನಡೀಲಿ ಯಾಕೆ ಹಾಗೆ ನೋಡ್ತೀಯ? ಆ ಹೆಸರು ನೀನೇ ಸಂಪಾದಿಸಿದ್ದು! ಮೂರು ಸಲ ಟೆಸ್ಟು, ಮೂರು ಸಲವೂ ರಿವರ್ಸಲ್ಲಿ ಹೋಗಿ ಅದೇ ಕಂಬಕ್ಕೆ ಗುದ್ದಿದೆ. ಇನ್‌ಸ್ಪೆಕ್ಟರು ಕೈಮುಗಿದು, "ಮೇಡಂ, ಇವರಿಗೊಂದು ಸೈಕಲ್ ಕೊಡಿಸಿ" ಅಂದಿದ್ರು. ಈಗ ನೋಡು, ಐವತ್ತು ಜನರನ್ನ ಹೊತ್ಕೊಂಡು ಹೋಗ್ತಿದ್ದೀಯ. ಹೆಮ್ಮೆ ಕಣೋ. ನಿಜವಾಗ್ಲೂ.

ನನ್ನ ಪಾಡು ಕೇಳು. ಹಾಲಿನಂಗಡಿಗೂ ಕಾರಲ್ಲೇ ಹೋಗ್ತಿದ್ದೋಳು! ಲೈಸೆನ್ಸ್ ಅಮಾನತಾದ ದಿನ ನಮ್ಮ ಮನೆಯವರು ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕರು. ಡ್ರೈವಿಂಗ್ ಸ್ಕೂಲಿನ ಮೇಡಂ ಬಸ್ಸಲ್ಲಿ! ಮೊದಲ ವಾರ ಕಪ್ಪು ಕನ್ನಡಕ ಹಾಕ್ಕೊಂಡು ಹತ್ತಿದ್ದೆ, ಗೊತ್ತಾ? ಈಗ ಟೈಮ್‌ಟೇಬಲ್ಲೇ ಬಾಯಿಪಾಠ. ಸ್ಟಾಪಿಗೆ ನಡೆದೂ ನಡೆದೂ ಮೊಣಕಾಲು ನೋವು ಎಲ್ಲಿ ಹೋಯ್ತೋ. ಮೂರು ತಿಂಗಳಿಂದ ದಿನಾ ನಿನ್ನ ಬೆನ್ನ ಹಿಂದೇ ಕೂರ್ತೀನಿ... ಒಂದು ಮಾತು ಆಡಿಲ್ಲ ನೀನು. ರೂಲ್ಸು ಅಂದ್ರೆ ರೂಲ್ಸು, ನನ್ನ ಶಿಷ್ಯ ಅಲ್ವಾ!

ಸರಿ, ವಿಷಯಕ್ಕೆ ಬರ್ತೀನಿ. ನಾಳೆ ಲೈಸೆನ್ಸ್ ವಾಪಸ್ ಸಿಗುತ್ತೆ. ನಾಳೇನೇ ಸ್ಕೂಲಿನ ಬಾಗಿಲು ತೆಗೀತೀನಿ. ನೀನು ಯೂನಿಫಾರ್ಮಲ್ಲೇ ಬಂದು ಹೊಸಬರಿಗೆ ನಾಲ್ಕು ಮಾತು ಹೇಳಬೇಕು. "ಬಸ್ಸಿನಡಿ ಕಾಲು ನೋಡು." ನೆನಪಿದೆ ತಾನೇ? ನಿಂತ ಬಸ್ಸನ್ನ ದಾಟೋ ಮುಂಚೆ ಅದರಡಿ ಕಣ್ಣು ಹಾಯಿಸು, ಕಾಲು ಕಂಡರೆ ಅದರ ಮೇಲೆ ಒಬ್ಬ ಮನುಷ್ಯ ಇರ್ತಾನೆ. ನನ್ನ ಬಿಟ್ಟರೆ ಯಾರು ಕಲಿಸ್ತಾರೆ ಇದನ್ನ? ಬರ್ತೀಯ ತಾನೇ? ತಲೆ ಆಡಿಸು ಸಾಕು, ಅದು ಮಾತಲ್ಲ.

...ಆಡಿಸಲ್ವಾ?

ಓಹೋ, ಸ್ಪೀಡಾಗಿ ಹೋಗಿ ಲೈಸೆನ್ಸ್ ಕಳ್ಕೊಂಡೆ ಅಂತ ಕೋಪಾನಾ? ಖಾಲಿ ರಸ್ತೆ ಕಣೋ! ಒಂದು ನರಪಿಳ್ಳೇನೂ ಇರಲಿಲ್ಲ. ಕ್ಯಾಮೆರಾ ತೆಗೆದ ಫೋಟೋ ತೋರಿಸ್ಲಾ? ನನ್ನ ಕಾರು ಬಿಟ್ಟರೆ ಏನಿದೆ ಅದರಲ್ಲಿ? ಏನೂ...

ಯಾಕೆ ನಿಲ್ಲಿಸಿದೆ? ಯಾರೂ ಬೆಲ್ ಒತ್ತಲಿಲ್ಲ. ಎಂಜಿನ್ನೂ ಆರಿಸಿದೆಯಲ್ಲೋ... ಈ ಸ್ಟಾಪಾ? ನಾನು ನೋಡಲಿಲ್ಲ, ಬ್ಯಾಗಲ್ಲಿ ಕೀ ಹುಡುಕ್ತಿದ್ದೆ. ದಿನಾ ಇಲ್ಲಿ ಬಂದಾಗಲೇ ತಲೆ ಬಗ್ಗಿಸಿ ಹುಡುಕ್ತೀನಿ ಅಂತ ಕನ್ನಡೀಲಿ ನೋಡ್ತಿದ್ದೀಯಾ? ಹಾಗೇನಿಲ್ಲಪ್ಪ! ಹೊರಡು, ಎಲ್ಲರಿಗೂ ತಡ ಆಗುತ್ತೆ. ರಾಜ, ಹೊರಡೋ.

ಬೋರ್ಡು ಮನೆ ಹಾಳಾಗ್ಲಿ, ಏನಾದ್ರೂ ಮಾತಾಡು!

...ಹಾರ್ನ್ ಒತ್ತಿದೆಯಾ? ಅವತ್ತಿನದೇ ಹಾರ್ನು. ಅಷ್ಟುದ್ದದ ಹಾರ್ನು... ನಿನ್ನದಾ? ಅವತ್ತು ಇಲ್ಲಿ ನಿಂತಿದ್ದ ಬಸ್ಸು ನಿನ್ನದಾ?

ಕಾಲು ಕಂಡಿತ್ತು ಕಣೋ. ನೋಡಿದೆ. ಎರಡು ಚಪ್ಪಲಿ, ಒಂದು ಊರುಗೋಲು. ನೋಡಿದ್ದೇ "ಬ್ರೇಕ್! ಬ್ರೇಕ್!" ಅಂತ ಕಿರುಚಿದೆ... ಪಕ್ಕದ ಸೀಟಲ್ಲಿ ಕೂತು ನಿಮಗೆಲ್ಲ ಕಿರುಚ್ತಿದ್ದ ಹಾಗೇ. ಕಿರುಚಿ, ಯಾರೋ ಒತ್ತುತ್ತಾರೆ ಅಂತ ಕಾದೆ! ಕಾರಲ್ಲಿ ನಾನೊಬ್ಬಳೇ. ಸ್ಟೇರಿಂಗು ನನ್ನ ಕೈಲೇ ಇತ್ತು. ನಿನ್ನ ಹಾರ್ನಿಗೆ ಆ ಕೋಲಿನ ಅಜ್ಜ ಹಿಂದೆ ಸರಿದು ಬಿದ್ದರು, ಕೋಲು ನನ್ನ ಚಕ್ರಕ್ಕೆ ಸಿಕ್ಕಿ ಎರಡು ತುಂಡಾಯ್ತು. ಕನ್ನಡೀಲಿ ಎಲ್ಲಾ ಕಂಡಿತು. ನಾನು ನಿಲ್ಲಿಸಲಿಲ್ಲ. ಕ್ಯಾಮೆರಾ ಇದ್ದದ್ದು ಅರ್ಧ ಮೈಲಿ ಆಚೆ, ರಾಜ. ಅದು ಹಿಡಿದದ್ದು ನಾನು ಓಡಿಹೋಗೋದನ್ನ. ಅದಕ್ಕೇ ಫೋಟೋದಲ್ಲಿ ರಸ್ತೆ ಖಾಲಿ.

ಬಾಗಿಲು ಯಾಕೆ ತೆಗೆದೆ? ಇಳಿದುಹೋಗು ಅಂತಾನಾ? ಸರಿ, ಇಳೀತೀನಿ...

ಅದೇನು ಸದ್ದು ಮೆಟ್ಟಿಲ ಮೇಲೆ, ಕೋಲಿನದಾ? ಅಯ್ಯೋ.

ಬನ್ನಿ ಅಜ್ಜ. ಕೈ ಕೊಡಿ, ಮೆಟ್ಟಿಲು ಎತ್ತರ. ಇಲ್ಲೇ, ನನ್ನ ಸೀಟಲ್ಲೇ ಕೂತ್ಕೊಳ್ಳಿ. ಮೂರು ತಿಂಗಳಿಂದ ಹೊರಗೇ ಬಂದಿರಲಿಲ್ವಾ? ಕೋಲು... ಹೊಸದಾ? ಚೆನ್ನಾಗಿದೆ. ಅಜ್ಜ, ನಿಮ್ಮ ಹಳೇ ಕೋಲು ಮುರಿದೋಳು ನಾನೇ.

ಎಂಜಿನ್ ಶುರು ಮಾಡಿದೆಯಾ ರಾಜ? ತಾಳು, ಹೊರಡಬೇಡ. ಅಜ್ಜ ಇದಕ್ಕಿನ್ನೂ ಏನೂ ಹೇಳಿಲ್ಲ.