ಅಟ್ಟದ ಮೇಲಿನ ಕುರ್ಚಿ

ಐರ್ಲೆಂಡಿನ ಥರ್ಲ್ಸ್ ಪೇಟೆಗೆ ಹೋಗುವ ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ನೋರಾ ಮತ್ತು ಅವಳ ಪಕ್ಕದ ಮನೆಯ ಫಿಡೆಲ್ಮಾ ಕೂತಿದ್ದರು.

"ಮನೆ ಬೆಚ್ಚಗಿಡೋ ಹೀಟ್ ಪಂಪಿಗೆ ಸರ್ಕಾರದ ಸಹಾಯಧನ ಸಿಕ್ತೇನೇ ನೋರಾ?"

"ಇನ್ನೂ ಇಲ್ಲ ಕಣೇ. ಮೊದಲು ಅಟ್ಟದಲ್ಲಿ ದಪ್ಪಗೆ ಉಣ್ಣೆ ಹಾಸಿ, ಶಾಖ ಸೋರದ ಹಾಗೆ ಮಾಡ್ಬೇಕಂತೆ."

"ಅದನ್ನ ನಿನ್ನ ಗಂಡ ಫಿಂಟನ್ ಆಗ್ಲೇ ಮಾಡಿದ್ನಲ್ಲ? ಹೋದ ಬೇಸಿಗೇಲಿ ಪ್ರತಿ ಭಾನುವಾರ ಅಟ್ಟ ಹತ್ತುತ್ತಿದ್ದ."

"ನಾನೂ ಹಾಗೇ ನಂಬಿದ್ದೆ ಮಾರಾಯ್ತಿ. ಮೊನ್ನೆ ಮನೆ ನೋಡೋಕೆ ಬಂದ ಇಂಜಿನಿಯರು ಟಾರ್ಚ್ ಹಿಡ್ಕೊಂಡು ಒಳಗೆ ತೂರಿದ. ಏಣಿ ಮೇಲೆ ನಿಂತ್ರೆ ಕಾಣೋ ಅಷ್ಟು ಜಾಗಕ್ಕೆ ಮಾತ್ರ ಉಣ್ಣೆ ಹಾಸಿದ್ದಾನೆ ಇವನು!"

"ಮತ್ತೆ ಅಷ್ಟು ಭಾನುವಾರ ಏನ್ಮಾಡ್ತಿದ್ದ?"

"ಚಿಮಣಿ ಹಿಂದೆ ಒಂದು ಕುರ್ಚಿ, ರೇಡಿಯೋ, ಬಿಸ್ಕತ್ ಡಬ್ಬಿ. ಕೂತು ಹರ್ಲಿಂಗ್ ಮ್ಯಾಚಿನ ಕಾಮೆಂಟ್ರಿ ಕೇಳ್ತಿದ್ದ, ಕಳ್ಳ!"

ಫಿಡೆಲ್ಮಾ ಬಿದ್ದು ಬಿದ್ದು ನಕ್ಕಳು. "ಚೆನ್ನಾಗಿ ಉಗಿದ್ಯಾ?"

"ಬಿಡ್ತೀನಾ? ಆದ್ರೂ ನಾಚಿಕೆ ಇಲ್ಲ ನೋಡು. ನಾಳೆ ಬರೋ ಕೆಲಸದವರಿಗೆ ಫೋನ್ ಮಾಡಿ, ಉಣ್ಣೆ ಮೇಲೆ ಹಲಗೆ ಹೊಡೆದು ಕುರ್ಚಿಗೆ ಜಾಗ ಮಾಡಿಕೊಡಿ ಅಂತಿದ್ದ. ನಾನು ಫೋನ್ ಕಿತ್ಕೊಂಡೆ."

"ಏನಂದೆ?"

"ಎರಡು ಕುರ್ಚಿಗೆ ಮಾಡಿ ಅಂದೆ."

ಬಸ್ಸು ನಿಂತಿತು. ಇಬ್ಬರೂ ಇಳಿದು, ಹಳೆ ಸಾಮಾನಿನ ಅಂಗಡಿಯ ಮುಂದಿಟ್ಟಿದ್ದ ಕುರ್ಚಿಗಳಲ್ಲಿ ಒಂದೊಂದರ ಮೇಲೂ ಕೂತು ನೋಡತೊಡಗಿದರು.