ಆ ಕಡೆ ತಿರುಗಿದ ಬೆಳಕು

ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಎರ್ರಮ್ಮನ ಪಕ್ಕ ಕೂತಿದ್ದ ಹುಡುಗಿಯರಿಬ್ಬರೂ ಯಾವುದೋ ದೊಡ್ಡ ಲ್ಯಾಬಿನವರು. ರಜೆ ಮುಗಿಸಿ ಹೊರಟಿದ್ದರು.

“ಸುಕನ್ಯಾ, ರಜಾಕ್ಕ ಬರೋ ಮುಂಚಿನ ಸೋಮವಾರ ಮೈಕ್ರೋಸ್ಕೋಪಿನ್ಯಾಗ ನಾನು ಬೆಳೆಸಿದ್ದ ಕ್ಯಾನ್ಸರ್ ಕೋಶ ಹೊಳೀಲೇ ಇಲ್ಲ. ಜೀವ ಇದ್ರ ಲೇಸರ್ ಬೆಳಕಿಗೆ ಹೊಳೀಬೇಕಿತ್ತು. ಔಷಧಕ್ಕ ಸತ್ತಾವ ಅಂತ ಸರ್‌ಗೆ ಹೇಳೇಬಿಟ್ಟೆ.”

“ಅವತ್ತು ಬಾಜೂ ರೂಮಿನ ಮೈಕ್ರೋಸ್ಕೋಪಿಗೆ ನಾನು ಕುಂತಿದ್ದೆ, ನಿಶಾತ.”

“ಕುಂತ್ರ ಏನಾತು?”

“ಎರಡಕ್ಕೂ ಲೇಸರ್ ಒಂದೇ ಅಲ್ಲೇನು? ಅರ್ಧ ಬೆಳಕು ನನ್ನ ಕಡಿ ತಿರುಗಿಸಿಕೊಂಡಿದ್ದೆ.”

“ಒಂದು ಮಾತು ಹೇಳಬಾರದೇನು?”

“ನಿನ್ನ ರೂಮು ಕತ್ತಲಿತ್ತು. ಯಾರೂ ಇಲ್ಲ ಅಂದ್ಕೊಂಡೆ.”

“ಲೇ, ಕತ್ತಲದಾಗೇ ಕುಂತು ನೋಡಬೇಕಲ್ಲ ಅದನ್ನ!”

ಒಂದೇ ಬೋರಿನ ನೀರಿಗೆ ಎರಡು ಹೊಲದವರು ಬಾಯಿಬಿಟ್ಟಂಥ ತಂಟೆ ಇದು ಎಂದು ಎರ್ರಮ್ಮನಿಗೆ ತಿಳಿಯಿತು. ಆದರೆ ಕ್ಯಾನ್ಸರ್ ಸತ್ತಿದೆಯೋ ಬದುಕಿದೆಯೋ, ಇವರು ಅಳಬೇಕಾದದ್ದು ಯಾವುದಕ್ಕೆ, ಅದೇ ತಿಳಿಯಲೊಲ್ಲದು.

“ಹಂಗಾರ ಅವು ಸತ್ತಿಲ್ಲೇನು?” ನಿಶಾತ ಕೇಳಿದಳು.

“ನನಗೇನು ಗೊತ್ತು? ಪೂರಾ ಬೆಳಕು ಹಾಕಿ ಇನ್ನೊಮ್ಮೆ ನೋಡು.”

ಹೊಸಪೇಟೆ ಬಸ್ಸು ಬಂದು ನಿಂತಿತು. ಸುಕನ್ಯಾ ಬ್ಯಾಗು ಎತ್ತಿಕೊಂಡಳು. ನಿಶಾತ ಕೂತಲ್ಲಿಂದ ಏಳಲಿಲ್ಲ.

“ಎಲ್ಲಿ ನೋಡಲಿ? ಸತ್ತಾವ ಅಂತ ಅವತ್ತೇ ಚೆಲ್ಲೀನಿ.”

ಸುಕನ್ಯಾ ಅವಳ ಬ್ಯಾಗನ್ನೂ ತಾನೇ ಎತ್ತಿಕೊಂಡು ಬಸ್ಸಿನ ಕಡೆ ನಡೆದಳು.